ಹಿಂದೆ ಹಾಡಿದವರು

ಫೆಬ್ರವರಿ 9

ಗುಬ್ಬಿ,

ನೀನು ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಇಷ್ಟು ದಿನ ಬರೆಯದಿದ್ದುದು ಸಿಟ್ಟಿನಿಂದ ಎಂದು ಅಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾಳೆ. ಸಿಟ್ಟಲ್ಲ, ತತ್ವ. ಹದಿನಾರು ವರ್ಷದ ಹುಡುಗಿಯ ಗಂಟಲಿಗೆ ಒಪ್ಪಂದ ಬರೆಸಿಕೊಂಡು, ಫೋನು ಕಿತ್ತಿಟ್ಟುಕೊಂಡು, ಮೊದಲ ಹಾಡು ಗೆಲ್ಲುವವರೆಗೆ ಹೊರಗಿನವರ ಜೊತೆ ಮಾತಿಲ್ಲ ಎನ್ನುವ ಕಂಪನಿಯನ್ನು ಸಂಗೀತದ ಕಂಪನಿ ಎಂದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ಪತ್ರಕ್ಕೆ ಮಾತ್ರ ಅಡ್ಡಿಯಿಲ್ಲವಂತೆ. ಪತ್ರ ಎಂಬುದೊಂದು ಲೋಕದಲ್ಲಿದೆ ಎನ್ನುವುದೇ ಅವರಿಗೆ ಮರೆತುಹೋಗಿರಬೇಕು.

ಹಾಡಬೇಡ ಎಂದು ನಿನಗೆ ನಾನು ಯಾವತ್ತೂ ಹೇಳಿಲ್ಲ. ಒಬ್ಬಳೇ ಹಾಡಬೇಡ ಎಂದೆ. ಒಬ್ಬರನ್ನು ಎತ್ತಿ ಪೋಸ್ಟರಿಗೆ ಅಂಟಿಸಿ, ಉಳಿದವರನ್ನೆಲ್ಲ ಕೆಳಗೆ ನಿಲ್ಲಿಸಿ ಚಪ್ಪಾಳೆ ಹೊಡೆಸುವುದು ಈ ವ್ಯಾಪಾರದ ಗುಟ್ಟು. ಪೋಸ್ಟರಿನ ಮೇಲಿರುವವರು ಜನರಿಂದ ಎಷ್ಟು ದೂರವಾಗುತ್ತಾರೆಂದು ನಾನು ಓದಿದ್ದೇನೆ. ಓದಿದ್ದನ್ನು ನಿನಗೆ ಊಟದ ಹೊತ್ತಿನಲ್ಲಿ ಓದಿ ಹೇಳಿದ್ದೂ ಇದೆ. ನೀನು ಕೇಳಿಸಿಕೊಂಡದ್ದು ಕಡಿಮೆ.

ಲಾಂಡ್ರಿಯಲ್ಲಿ ಎಲ್ಲ ಹಾಗೇ ಇದೆ. ಬೆಳಿಗ್ಗೆ ಆಸ್ಪತ್ರೆಯ ಚಾದರ, ಮಧ್ಯಾಹ್ನ ಹೋಟೆಲಿನ ಚಾದರ. ರಜೆಯಲ್ಲಿ ಬಂದು ನೀನು ಹಿಡಿಯುತ್ತಿದ್ದ ತುದಿಯನ್ನು ಈಗ ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಮಡಚುತ್ತೇನೆ. ಕೊಕ್ಕೆ ನಿನ್ನ ಹಾಗೆ ಕುಣಿಯುವುದಿಲ್ಲ, ಮಡಿಕೆ ನೇರವಾಗಿ ಬರುತ್ತದೆ.

ಶುಕ್ರವಾರ ನಿನ್ನ ಹಾಡು ಬರುತ್ತದಂತೆ. ಇಸ್ತ್ರಿ ಅಕ್ಕ ತನ್ನ ರೇಡಿಯೊಗೆ ಹೊಸ ಸೆಲ್ ಹಾಕಿಟ್ಟಿದ್ದಾಳೆ. ನಾನು ಕೇಳುವ ಖಾತ್ರಿಯಿಲ್ಲ.

ನಿನ್ನ ಅಣ್ಣ

---

ಫೆಬ್ರವರಿ 20

ಭಾಷಣದಣ್ಣಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಬೈಗುಳ ಇರುವ ಭಾಗವನ್ನು ನಾಲ್ಕು ಸಲ.

ನಾನು ಚೆನ್ನಾಗಿದ್ದೇನೆ. ಕೋಣೆ ದೊಡ್ಡದು. ಒಂದರ ಮೇಲೊಂದು ಇರುವಂಥ ಮಂಚಗಳು ಮೂರು ಜೊತೆ ಇವೆ. ನಾನು ಬಾಗಿಲ ಪಕ್ಕದ್ದನ್ನು ಆರಿಸಿಕೊಂಡೆ. ಸ್ಟುಡಿಯೊ ಇದೇ ಕಟ್ಟಡದ ನೆಲಮಾಳಿಗೆಯಲ್ಲಿದೆ. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು ಬಡಿದಿದ್ದಾರೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಕೈಯಲ್ಲೇ ಸತ್ತುಹೋಗುತ್ತದೆ. ರೆಕಾರ್ಡಿಂಗ್ ಮಾಡುವವರು ಗಾಜಿನ ಆಚೆ ಕೂತು ದಿನವಿಡೀ ಹೇಳುವುದು ಒಂದೇ: “ಚೆನ್ನಾಗಿತ್ತು ಮಗಳೇ, ಇನ್ನೊಂದ್ಸಲ.” ಅವರಿಗೆ ‘ಇನ್ನೊಂದ್ಸಲ ಅಂಕಲ್’ ಎಂದೇ ಹೆಸರಿಟ್ಟಿದ್ದೇನೆ. ನನ್ನ ಹಾಡಿನ ಸಾಲು ‘ಕಿಟಕಿ ತೆರೆದಿದೆ, ಗಾಳಿಯೇ ಬಾ’ ಅಂತ. ನೆಲಮಾಳಿಗೆಗೆ ಕಿಟಕಿಯಿಲ್ಲ. ಇದನ್ನು ಹೇಳಿಕೊಂಡು ನಗಲು ಯಾರಾದರೂ ಬೇಕಿತ್ತು, ಅದಕ್ಕೆ ನಿನಗೆ ಬರೆದೆ.

ಹಾಡು ಬಂದು ವಾರವಾಯಿತು. ಮ್ಯಾನೇಜರ್ ಮೇಡಂ “ಪರವಾಗಿಲ್ಲ, ಓಡ್ತಿದೆ” ಅಂದರು. ಬೀದಿಯಲ್ಲಿ ಅದು ಹೇಗೆ ಕೇಳುತ್ತದೋ ನನಗೆ ಗೊತ್ತಿಲ್ಲ. ನೀನು ಕೇಳಿದೆಯಾ? ಕೇಳದಿದ್ದರೆ ಕೇಳಿದೆ ಎಂದು ಸುಳ್ಳಾದರೂ ಬರೆ.

ಗುಬ್ಬಿ

---

ಮಾರ್ಚ್ 2

ಗುಬ್ಬಿ,

ಕೇಳಿದೆ. ಸುಳ್ಳಲ್ಲ.

ಹಾಡು ಬಂದ ಶುಕ್ರವಾರ ಮಧ್ಯಾಹ್ನ ಇಸ್ತ್ರಿ ಅಕ್ಕ ದೊಡ್ಡ ಯಂತ್ರವನ್ನೇ ನಿಲ್ಲಿಸಿಬಿಟ್ಟಳು. ಮೇಸ್ತ್ರಿ ಓಡಿ ಬಂದ. “ಯಾರಮ್ಮ ನಿಲ್ಸಿದ್ದು?” “ನಾನೇ. ನಮ್ಮ ಹುಡುಗಿ ಹಾಡ್ತಿದಾಳೆ, ಬಾಯ್ಮುಚ್ಕೊಂಡು ಕೇಳು.” ಅವನೂ ನಿಂತ. ಹಬೆ ಇಳಿಯುವವರೆಗೆ ನಾನು ಬೆನ್ನು ತಿರುಗಿಸಿಕೊಂಡೇ ಇದ್ದೆ. ಮೊದಲ ಚರಣ ನೀನೊಬ್ಬಳೇ. ಅದು ನಾನು ಹೆದರಿದ್ದ ಹಾಗೇ ಇತ್ತು, ಪೋಸ್ಟರಿನ ಹಾಡು.

ಆಮೇಲೆ ಕೋರಸ್ ಬಂತು.

ಗುಬ್ಬಿ, ಅಷ್ಟು ಜನ ಹುಡುಗಿಯರು! ನೀನು ಹೇಳಲೇ ಇಲ್ಲವಲ್ಲ! ಒಬ್ಬಳು ದೂರದಲ್ಲಿ, ಒಬ್ಬಳು ಕಿವಿಯ ಪಕ್ಕದಲ್ಲಿ, ಒಬ್ಬಳ ದನಿ ದಪ್ಪ, ಇನ್ನೊಬ್ಬಳದು ದಾರದ ಹಾಗೆ. ನಾನು ಹತ್ತು ಎಂದೆ, ಇಸ್ತ್ರಿ ಅಕ್ಕ ಡಜನ್‌ಗೆ ಕಡಿಮೆಯಿಲ್ಲ ಎಂದಳು. ನೀನು ಬರೆದ ಮಂಚಗಳು ಆಗ ನೆನಪಾದವು. ನಾನು ನಿನ್ನನ್ನು ಒಂಟಿ ಎಂದುಕೊಂಡು ಇಲ್ಲಿ ಕುದಿಯುತ್ತಿದ್ದರೆ, ನೀನು ಅಲ್ಲಿ ಒಂದು ದಂಡಿನ ನಡುವೆ ನಿಂತಿದ್ದೀಯ. ನೀನು ಹೋದ ದಿನದಿಂದ ನನಗೆ ನಿದ್ದೆ ನೆಟ್ಟಗಿರಲಿಲ್ಲ; ಇದನ್ನು ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದೆ.

ಅಮ್ಮನ ತಮಾಷೆ ಕೇಳು. ಕೋರಸ್ ಕೇಳಿ, “ಎಲ್ಲಾ ದನಿನೂ ನಮ್ಮ ಹುಡುಗೀದೇ ಅನ್ಸುತ್ತೆ ಕಣೋ” ಅಂದಳು. ಮಗಳ ಮೇಲಿನ ಮೋಹ ಕಿವಿಯನ್ನೂ ಬಿಡುವುದಿಲ್ಲ.

ಇದರ ಜೊತೆ ಒಂದು ಕಟ್ಟು ಕರಪತ್ರ ಇಟ್ಟಿದ್ದೇನೆ. ಆ ಹುಡುಗಿಯರಿಗೆಲ್ಲ ಹಂಚು. ವಾರಕ್ಕೊಂದು ರಜೆ ಯಾಕೆ ಹಕ್ಕು, ಭಿಕ್ಷೆ ಯಾಕಲ್ಲ ಎಂದು ಎರಡನೇ ಪುಟದಲ್ಲಿದೆ. ಅವರನ್ನು ಏನೆಂದು ಕರೆಯುತ್ತೀರಿ? ಯಾವ ಕಡೆಯವರು? ಬರೆ.

ಅಣ್ಣ

---

ಮಾರ್ಚ್ 13

ಅಣ್ಣಾ,

ನಿನಗೆ ನಿದ್ದೆ ಬಂತು ಎಂದು ಓದಿ ಬಹಳ ಹೊತ್ತು ಪತ್ರ ಕೈಯಲ್ಲಿ ಹಿಡಿದು ಕೂತಿದ್ದೆ.

ಕೇಳಿದೆಯಲ್ಲ, ಹೇಳುತ್ತೇನೆ. ಕಿವಿಯ ಪಕ್ಕ ಬರುವವಳು ಪಿಸುಮಾತಿನವಳು. ಮೈಕಿಗೆ ತುಟಿ ತಾಗಿಸಿಕೊಂಡೇ ಹಾಡುತ್ತಾಳೆ. ದಪ್ಪ ದನಿಯವಳು ಶೀತದವಳು. ಮೂಗು ಕಟ್ಟಿದ್ದ ದಿನ ಹಾಡಿದಳು, ಇನ್ನೊಂದ್ಸಲ ಅಂಕಲ್‌ಗೆ ಅದೇ ಇಷ್ಟವಾಗಿ ಇಟ್ಟುಕೊಂಡರು. ದೂರದವಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಪಕ್ಕದ ಬೀದಿಯಿಂದ ಯಾರನ್ನೋ ಕೂಗುವ ಹಾಗೆ ಹಾಡುತ್ತಾಳೆ. ನಗುವವಳೊಬ್ಬಳಿದ್ದಾಳೆ. ‘ಗಾಳಿಯೇ’ ಎನ್ನುವಲ್ಲಿ ಅವಳಿಗೆ ನಗು ಬಂತು, ಯಾಕೆಂದು ಅವಳಿಗೂ ಗೊತ್ತಿಲ್ಲ. ಗಮನವಿಟ್ಟು ಕೇಳಿದರೆ ಸಿಗುತ್ತದೆ. ಇನ್ನೊಬ್ಬಳು ಆ ದಿನ ಅತ್ತಿದ್ದಳು. ಅದು ಹಾಡಿನಲ್ಲಿ ಗೊತ್ತಾಗುವುದಿಲ್ಲ.

ಒಳ್ಳೆಯ ಹುಡುಗಿಯರು. ಜಗಳವಿಲ್ಲ. ನನ್ನ ಬಾಚಣಿಗೆಯನ್ನು ಯಾರೂ ಮುಟ್ಟುವುದಿಲ್ಲ. ಹೆಚ್ಚು ಮಾತಾಡುವುದೂ ಇಲ್ಲ. ಊಟದ ಹೊತ್ತಿಗೆ ಸಿಗುವುದು ಕಡಿಮೆ.

ಕರಪತ್ರಗಳನ್ನು ಖಾಲಿ ಮಂಚದ ಮೇಲೆ ಸಾಲಾಗಿ ಇಟ್ಟಿದ್ದೇನೆ. ಮ್ಯಾನೇಜರ್ ಮೇಡಂ ನೋಡಿ, “ಇದೇನು, ಸ್ಕೂಲ್ ಪಾಠಾನಾ?” ಅಂದರು. ಹೌದು ಅಂದೆ.

ಅಮ್ಮನಿಗೆ ನನ್ನ ಮುತ್ತು. ಅವಳ ಕಿವಿಯನ್ನು ಆಡಿಕೊಳ್ಳಬೇಡ.

ಗುಬ್ಬಿ

---

ಏಪ್ರಿಲ್ 1

ಗುಬ್ಬಿ,

ನಿನ್ನ ಹಾಡಿನ ಸಿ.ಡಿ. ಡಬ್ಬಿಯನ್ನು ಅಂಗಡಿಯಲ್ಲಿ ತಿರುಗಿಸಿ ಮುರುಗಿಸಿ ನೋಡಿದೆ. ನಿನ್ನ ಚಿತ್ರ ದೊಡ್ಡದಾಗಿದೆ. ಸಂಗೀತ ಕೊಟ್ಟವನ ಹೆಸರಿದೆ, ನಿನ್ನ ಕೂದಲು ಕತ್ತರಿಸಿದವನ ಹೆಸರಿದೆ. ಪಿಸುಮಾತಿನವಳು ಎಲ್ಲಿ? ಶೀತದವಳು ಎಲ್ಲಿ? ಶೀತವಿದ್ದರೂ ಹಾಡಿಸಿಕೊಂಡು ಹೆಸರನ್ನು ನುಂಗಿದರು!

ಸುಮ್ಮನೆ ಕೂರುವುದು ನನಗೆ ಗೊತ್ತಿಲ್ಲ ಎಂದು ನಿನಗೆ ಗೊತ್ತು. ಪ್ರೆಸ್ಸಿನಲ್ಲಿರುವ ಗೆಳೆಯನಿಗೆ ಹೇಳಿ, ಮದುವೆ ಕಾಗದಗಳ ನಡುವೆ ಸಮಯ ಕದ್ದು, ಒಂದು ಕರಪತ್ರ ಅಚ್ಚು ಹಾಕಿಸಿದೆ. ತಲೆಬರಹ: ‘ಹಿಂದೆ ಹಾಡಿದವರ ಹೆಸರೇನು?’ ಅದರ ಕೆಳಗೆ ನಿನ್ನ ಹಾಡಿನ ಸಾಲು. ಒಳಗೆ ಹೀಗಿದೆ: ‘ಒಂದು ಹಾಡು ನಿಮ್ಮ ಕಿವಿಗೆ ಬಂದಾಗ ಅದನ್ನು ಹೊತ್ತು ತಂದ ಹೆಗಲುಗಳನ್ನು ಕೇಳಿ. ಈ ಹುಡುಗಿಯರಿಗೆ ಹೆಸರಿಲ್ಲ, ರಜೆಯಿಲ್ಲ, ಊಟದ ಮೇಜಿನಲ್ಲಿ ಜಾಗವಿಲ್ಲ. ಮುಂದೆ ನಿಂತವಳಿಗೆ ನಾಚಿಕೆಯಾಗಲಿ ಎಂದಲ್ಲ, ಅವಳನ್ನು ಮುಂದೆ ನಿಲ್ಲಿಸಿದವರಿಗೆ ಆಗಲಿ.’ ಕೊನೆಯ ವಾಕ್ಯ ನಿನಗಾಗಿ ಸೇರಿಸಿದ್ದು.

ಬಸ್ ನಿಲ್ದಾಣದ ಕಂಬಗಳಿಗೆಲ್ಲ ಅಂಟಿಸಿದೆವು. ಯಾರೋ ಅದರ ಫೋಟೊ ತೆಗೆದು ಇಂಟರ್ನೆಟ್ಟಿಗೆ ಏರಿಸಿದರು. ಅಷ್ಟೇ, ಬೆಂಕಿ ಹತ್ತಿಕೊಂಡಿತು! ಎಲ್ಲೆಲ್ಲಿಯೋ ಇರುವವರು ಕಂಪನಿಯನ್ನು ಕೇಳುತ್ತಿದ್ದಾರೆ. ಇಸ್ತ್ರಿ ಅಕ್ಕ ಈಗ ನನ್ನನ್ನು ‘ಲೀಡರ್ ಸಾಹೇಬ್ರು’ ಎಂದು ಕರೆಯುತ್ತಾಳೆ. “ಲೀಡರ್ ಸಾಹೇಬ್ರೇ, ಕಾಲರ್ ಮೇಲೆ ಸಾಬೂನಿದೆ, ಒರೆಸ್ಕೊಳಿ.” ಬರೆದವನು ನಾನೆಂದು ಲಾಂಡ್ರಿಯ ಹೊರಗೆ ಯಾರಿಗೂ ಗೊತ್ತಿಲ್ಲ.

ಆ ಹುಡುಗಿಯರಿಗೆ ಹೇಳು, ಗೆದ್ದೇ ಗೆಲ್ಲುತ್ತೇವೆ ಎಂದು.

ಅಣ್ಣ

---

ಏಪ್ರಿಲ್ 9

ಅಣ್ಣಾ,

ಇದನ್ನು ಕೂತು ಓದು. ಯಾರಿಗೂ ಓದಿ ಹೇಳಬೇಡ.

ಶನಿವಾರ ಒಂದು ದೊಡ್ಡ ಅಂಗಡಿಯ ಉದ್ಘಾಟನೆಯಲ್ಲಿ ನನ್ನನ್ನು ಹಾಡಿಸಿದರು. ಮೊದಲ ಸಲ ಜನರ ಎದುರು. ಕೋರಸ್ ಬಂದಾಗ ಮುಂದಿನ ಸಾಲಿನ ಹುಡುಗರು ಕೂಗಿದರು: “ಹುಡುಗೀರೆಲ್ಲಿ? ಹುಡುಗೀರೆಲ್ಲಿ?” ಆಮೇಲೆ ಎಲ್ಲರೂ ಕೂಗಿದರು. ನನ್ನಷ್ಟೇ ವಯಸ್ಸಿನವಳೊಬ್ಬಳು ನಿನ್ನ ಕರಪತ್ರ ಎತ್ತಿ ಹಿಡಿದು, “ಕಳ್ಳಿ!” ಅಂದಳು. ಹಾಡು ಮುಗಿಸಿದೆ. ಹೇಗೆ ಎಂದು ಕೇಳಬೇಡ.

ಅಣ್ಣಾ, ಹುಡುಗಿಯರಿಲ್ಲ.

ಇಲ್ಲಿ ಹಾಡು ಮಾಡುವ ರೀತಿಯೇ ಹಾಗೆ. ಒಂದೇ ಸಾಲನ್ನು ನಾನು ಹಾಡುತ್ತೇನೆ, ಅವರು ಇಟ್ಟುಕೊಳ್ಳುತ್ತಾರೆ. ಹಾಡಿದ್ದನ್ನು ಕಿವಿಗೆ ಹಾಕಿಕೊಂಡು ಅದರ ಮೇಲೆ ಮತ್ತೆ ಹಾಡುತ್ತೇನೆ. ಒಮ್ಮೆ ಮೈಕಿನ ಹತ್ತಿರ, ಒಮ್ಮೆ ಬಾಗಿಲ ಹತ್ತಿರ, ಒಮ್ಮೆ ಮೇಲಿನ ಸ್ವರದಲ್ಲಿ. ಅಂಕಲ್ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಗುಂಪು ಮಾಡುತ್ತಾರೆ. ಪಿಸುಮಾತಿನವಳು ನಾನು. ಶೀತ ಆಗಿದ್ದು ನನಗೆ. ನಕ್ಕವಳು, ಅತ್ತವಳು ನಾನು. ಕೋಣೆಯ ಮಂಚಗಳಲ್ಲಿ ಐದು ಖಾಲಿ. ಇದ್ದ ಹುಡುಗಿಯರನ್ನು ನಾನು ಬರುವ ಮೊದಲೇ ಮನೆಗೆ ಕಳಿಸಿದ್ದರು. ಹೆಡ್‌ಫೋನಿನಲ್ಲಿ ಅಷ್ಟೊಂದು ಜನ ಸೇರಿ ಹಾಡುತ್ತಿರುವುದು ಕೇಳುತ್ತದೆ. ಅದನ್ನು ತೆಗೆದರೆ ಸ್ಪಂಜಿನ ಗೋಡೆ.

ಮೊದಲೇ ಹೇಳಬೇಕಿತ್ತು. ಆದರೆ ನೀನು ನಿದ್ದೆ ಬಂತು ಎಂದು ಬರೆದಿದ್ದೆ. ಮತ್ತೆ, ಅವರ ಬಗ್ಗೆ ಬರೆಯುವಾಗ ನನಗೂ ಸ್ವಲ್ಪ ಹಿತವಾಗುತ್ತಿತ್ತು.

ಈಗಿನ ಮಾತು ಇದು. ಮ್ಯಾನೇಜರ್ ಮೇಡಂ ಕ್ಯಾಮೆರಾ ಮುಂದೆ ನನ್ನನ್ನು ಕೂರಿಸುತ್ತಾರೆ. ‘ಎಲ್ಲ ದನಿ ನನ್ನದೇ, ಕರಪತ್ರ ಬರೆದವನು ಸುಳ್ಳುಗಾರ, ನನ್ನ ಮೇಲೆ ಹೊಟ್ಟೆಕಿಚ್ಚಿನವನು’ ಎಂದು ಹೇಳಬೇಕಂತೆ. ಹೇಳಿದರೆ ಎರಡನೇ ಹಾಡು. ಇಲ್ಲದಿದ್ದರೆ ಮನೆಗೆ. “ಯಾರೋ ದಾರಿಹೋಕ, ನಿನಗೇನಾಗಬೇಕು ಅವನು?” ಅಂದರು. ಏನೂ ಆಗಬೇಕಿಲ್ಲ ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ಊಟ ಸೇರಲಿಲ್ಲ.

ನನಗೆ ಹಾಡಬೇಕು, ಅಣ್ಣಾ. ಇದನ್ನು ಬಿಟ್ಟು ಬೇರೆ ಏನೂ ಬರುವುದಿಲ್ಲ. ಆದರೆ ಸುಳ್ಳು ಹೇಳಿದವಳು ನಾನು, ನಂಬಿದವನು ನೀನು. ಏನು ಮಾಡಲಿ? ಬೇಗ ಬರೆ. ಬೈದರೂ ಪರವಾಗಿಲ್ಲ.

ಗುಬ್ಬಿ

---

ಏಪ್ರಿಲ್ 21

ಅಣ್ಣಾ,

ಉತ್ತರ ಬರಲಿಲ್ಲ. ಕೆಳಗಿನ ಕಾವಲುಗಾರ ನನ್ನನ್ನು ಕಂಡರೆ ಸಾಕು, ನಾನು ಕೇಳುವ ಮೊದಲೇ ಕೈ ಆಡಿಸುತ್ತಾನೆ. ಕ್ಯಾಮೆರಾ ಸೋಮವಾರ.

ಸಿಟ್ಟಾಗಿದ್ದರೆ ಆಗು. ತತ್ವ ಎಂದು ಮಾತ್ರ ಹೇಳಬೇಡ.

ಗುಬ್ಬಿ

---

ಏಪ್ರಿಲ್ 24

ಗುಬ್ಬಿ,

ಸಿಟ್ಟಲ್ಲ. ತತ್ವವೂ ಅಲ್ಲ. ನಿನ್ನ ದೊಡ್ಡ ಪತ್ರ ಬಂದ ದಿನ ಪ್ರೆಸ್ಸಿಗೆ ಓಡಿದೆ. ಮೊದಲು ತಪ್ಪನ್ನು ತಿದ್ದಿ, ಎಲ್ಲ ಕಂಬಗಳಿಗೂ ಅಂಟಿಸಿ, ಕೈ ತೊಳೆದುಕೊಂಡು ನಿನಗೆ ಬರೆಯೋಣ ಎಂದುಕೊಂಡೆ. ಗೆಳೆಯನಿಗೆ ಕೆಲಸ ಒತ್ತಿಕೊಂಡಿತ್ತು, ದಿನಗಳು ಹೋದವು. ನಿನ್ನ ಚಿಕ್ಕ ಪತ್ರ ಬಂದಾಗ ಅಂಟು ಕಲಸುತ್ತಿದ್ದೆ. ಕೇಳಿದವಳು ನೀನು, ನಾನು ಊರಿಗೆ ಉತ್ತರ ಕೊಡುತ್ತಾ ಕೂತಿದ್ದೆ.

ಹೊಸ ಕರಪತ್ರದಲ್ಲಿ ‘ಹುಡುಗಿಯರಿಲ್ಲ, ಎಲ್ಲ ದನಿ ಒಬ್ಬಳದೇ, ನಾನು ತಿಳಿಯದೆ ಬರೆದೆ’ ಎಂದಷ್ಟೇ ಇದೆ. ಲಾಂಡ್ರಿಯಲ್ಲಿ ಯಾರೂ ನಂಬಲಿಲ್ಲ. ಇಸ್ತ್ರಿ ಅಕ್ಕ ಓದಿ ಮಡಚಿ ನನ್ನ ಜೇಬಿಗೇ ತುರುಕಿದಳು. “ತಂಗಿ ದೊಡ್ಡೋಳಾದ್ಲು ಅಂತ ಬಡವ್ರ ಮಕ್ಕಳನ್ನ ಇಲ್ಲ ಅಂತೀಯಲ್ಲೋ. ನನ್ ಕಿವೀಲಿ ಕೇಳಿದೀನಿ, ಡಜನ್ ಹುಡುಗೀರು!” ಈಗ ಅವಳು ನನ್ನನ್ನು ಲೀಡರ್ ಎನ್ನುವುದಿಲ್ಲ. ಏನೂ ಎನ್ನುವುದಿಲ್ಲ. ಊಟಕ್ಕೆ ನಾನು ಕೂತರೆ ಬೆಂಚಿನ ಆ ತುದಿ ಖಾಲಿಯಾಗುತ್ತದೆ. ಇರಲಿ.

ಈ ಪತ್ರ ಸೋಮವಾರದ ಮೊದಲು ಸೇರಿದರೆ, ಮೇಡಂ ಹೇಳಿದ್ದನ್ನು ಹೇಳಿಬಿಡು. ಸುಳ್ಳುಗಾರ ಅನ್ನು, ಹೊಟ್ಟೆಕಿಚ್ಚಿನವನು ಅನ್ನು. ನನ್ನ ಹೆಸರು ಅದರ ಮೇಲಿಲ್ಲ. ನಿನಗೆ ಹಾಡಬೇಕು ಎಂದೆಯಲ್ಲ, ಹಾಡು.

ಆ ಹುಡುಗಿಯರನ್ನು ಏನೆಂದು ಕರೆಯುತ್ತೀರಿ ಎಂದು ನಿನ್ನನ್ನು ಕೇಳಿದೆ, ಯಾವ ಕಡೆಯವರು ಎಂದು ಕೇಳಿದೆ. ಊಟಕ್ಕೆ ನಿನ್ನ ಜೊತೆ ಯಾರು ಕೂರುತ್ತಾರೆ ಎಂದು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಯಾರು ಕೂರುತ್ತಾರೆ?

ಅಣ್ಣ

---

ಮೇ 8

ಅಣ್ಣಾ,

ನಿನ್ನ ಪತ್ರ ಸೋಮವಾರ ಕಳೆದ ಮೇಲೆ ಕೈಸೇರಿತು.

ಕ್ಯಾಮೆರಾ ಮುಂದೆ ನಾನು ಹೇಳಿದ್ದು ಇಷ್ಟು: “ಎಲ್ಲಾ ದನಿನೂ ನಂದೇ. ಕರಪತ್ರ ಬರೆದೋರು ಸುಳ್ಳುಗಾರರಲ್ಲ. ಹುಡುಗೀರಿದಾರೆ ಅಂತ ಅವರಿಗೆ ಹೇಳಿದ್ದು ನಾನು. ಅವರು ನನ್ನ ಅಣ್ಣ.” ಮೇಡಂ ಮೇಜಿಗೆ ಕೈ ಬಡಿದರು. ಇನ್ನೊಂದು ಸಲ ಹೇಳು ಅಂದರು. ಇನ್ನೊಂದು ಸಲವೂ ಅದನ್ನೇ ಹೇಳಿದೆ. ಕೊನೆಗೆ ಮೊದಲ ವಾಕ್ಯವನ್ನಷ್ಟೇ ಕತ್ತರಿಸಿ ಇಟ್ಟುಕೊಂಡು, ಉಳಿದದ್ದನ್ನು ಬಿಸಾಕಿದರು. ಜನರಿಗೆ ಕೇಳಿಸಿದ್ದು ‘ಎಲ್ಲಾ ದನಿನೂ ನಂದೇ’ ಎನ್ನುವ ಮಾತು ಒಂದೇ. ಅವರು ಅದನ್ನೂ ನಂಬಲಿಲ್ಲ. ನೋಡ್ರಪ್ಪಾ, ಪಾಪದ ಹುಡುಗಿಯರಿಗೆ ದನಿಯನ್ನೂ ಬಿಡಲಿಲ್ಲ ಇವಳು ಎಂದು ಮೊದಲಿಗಿಂತ ಜಾಸ್ತಿ ಬೈದರು.

ಬೈಗುಳ ನಿಲ್ಲಿಸಲು ಕಂಪನಿ ಒಂದು ದಾರಿ ಹುಡುಕಿತು. ಹುಡುಗಿಯರನ್ನೇ ತಂದರು. ಕುಣಿಯುವವರನ್ನು ಒದಗಿಸುವ ಒಂದು ಆಫೀಸಿನಿಂದ ಬಂದವರು. ನನ್ನ ಹಿಂದೆ ಎರಡು ಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬಳ ಮುಂದೆಯೂ ಮೈಕ್ ಇದೆ, ಒಂದಕ್ಕೂ ತಂತಿಯಿಲ್ಲ. ಟಿವಿಯಲ್ಲಿ ನಿಮ್ಮ ಇಸ್ತ್ರಿ ಅಕ್ಕ ಇಷ್ಟರಲ್ಲೇ ಅವರನ್ನು ನೋಡಿರುತ್ತಾಳೆ. ‘ಇಲ್ಲ ಅಂದೆಯಲ್ಲೋ, ಇದಾರೆ ನೋಡು’ ಎಂದು ನಿನ್ನನ್ನು ಕೇಳಿರುತ್ತಾಳೆ. ಅದಕ್ಕೆ ನೀನು ಏನು ಹೇಳಿದೆಯೋ. ನೀನು ಬರೆದ ಸುಳ್ಳನ್ನು ಕಂಪನಿ ನಿಜ ಮಾಡಿತು, ನೀನು ತಿದ್ದಿದ ನಿಜವನ್ನು ಸುಳ್ಳು ಮಾಡಿತು.

ಎರಡನೇ ಹಾಡಿನ ಮಾತು ಬೇಡ ಎಂದಿದ್ದಾರೆ. ಒಪ್ಪಿಕೊಂಡ ಕಾರ್ಯಕ್ರಮಗಳು ಮುಗಿಯುವ ತನಕ ಇರಬೇಕು, ಆಮೇಲೆ ಕಳಿಸುತ್ತಾರೆ.

ಊಟಕ್ಕೆ ಯಾರು ಕೂರುತ್ತಾರೆ ಎಂದು ಕೇಳಿದ್ದೀಯ. ಯಾರೂ ಇಲ್ಲ. ಆ ಹುಡುಗಿಯರನ್ನು ವ್ಯಾನಿನಲ್ಲಿ ತರುತ್ತಾರೆ, ಮುಗಿದ ಕೂಡಲೇ ವ್ಯಾನಿನಲ್ಲಿ ಒಯ್ಯುತ್ತಾರೆ.

ನಿನ್ನೆ ಮೈದಾನದಲ್ಲಿ ಕಾರ್ಯಕ್ರಮವಿತ್ತು. ವೇದಿಕೆ ಹತ್ತುವ ಮೊದಲು ಹಲ್ಲಿಗೆ ತಂತಿ ಹಾಕಿಸಿಕೊಂಡಿರುವ ಒಬ್ಬಳು ಬಂದು ಕೇಳಿದಳು: “ಅಕ್ಕಾ, ಸುಮ್ನೆ ಬಾಯಿ ಆಡಿಸಿದ್ರೆ ಮುಖ ದಡ್ಡಿ ಥರ ಕಾಣುತ್ತೆ. ನಿಜವಾಗ್ಲೂ ಹಾಡ್ಲಾ?”

“ಮೈಕಿಗೆ ಜೀವ ಇಲ್ಲ ಕಣೇ.”

“ಇರ್ಲಿ ಬಿಡಿ. ಯಾರಿಗೆ ಕೇಳ್ಬೇಕಾಗಿದೆ?”

ನನ್ನನ್ನು ಅಕ್ಕಾ ಅಂದಳು. ನನಗಿಂತ ದೊಡ್ಡವಳಿರಬೇಕು.

ಕೋರಸ್ ಶುರುವಾಯಿತು. ಡಬ್ಬದಂಥ ಸ್ಪೀಕರುಗಳಿಂದ ನಾನೇ ನಾನು ಬಂದೆ, ಗುಂಪುಗುಂಪಾಗಿ. ಅಷ್ಟರಲ್ಲಿ ಎಡಗಡೆ, ಬೆನ್ನ ಹಿಂದೆ, ಒಂದು ಸಣ್ಣ ದನಿ. ಶ್ರುತಿ ಕೆಳಗಿತ್ತು. ‘ಗಾಳಿಯೇ’ ಎನ್ನುವುದನ್ನು ತಡವಾಗಿ ಹಿಡಿದಳು, ಬೇಗ ಬಿಟ್ಟಳು, ಉಸಿರು ಸಾಲದೆ ಮಧ್ಯದಲ್ಲೇ ನುಂಗಿದಳು. ಆ ಸಾಲನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ತುಂಬಿದ ಮೈದಾನದಲ್ಲಿ ಅದು ಕೇಳಿಸಿದ್ದು ನನಗೊಬ್ಬಳಿಗೇ.

ಒಂದು ಸಾಲಿನಷ್ಟು ಹೊತ್ತು ನಾನು ಹಾಡುವುದನ್ನು ನಿಲ್ಲಿಸಿಬಿಟ್ಟೆ, ಅಣ್ಣಾ. ಯಾರಿಗೂ ಗೊತ್ತಾಗಲಿಲ್ಲ. ಸ್ಪೀಕರಿನೊಳಗೆ ನಾನು ಹಾಡುತ್ತಲೇ ಇದ್ದೆ. ಬಾಯಿ ಮಾತ್ರ ಆಡಿಸುತ್ತಾ, ಅವಳನ್ನು ಕೇಳುತ್ತಾ ನಿಂತೆ.

ಗುಬ್ಬಿ